ಸಕ್ಸಿನೇಟ್ ಮತ್ತು ಅಡ್ರಿನಲ್ ಗೆಡ್ಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಯೋಕ್ರೊಮೊಸೈಟೋಮಾ ಎಂಬ ಅಪರೂಪದ ಗೆಡ್ಡೆಗೂ ಸಕ್ಸಿನೇಟ್ ಎಂಬ ರಾಸಾಯನಿಕಕ್ಕೂ ನಂಟಿದೆ ಎಂದು ಓದಿದವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ನಿಮ್ಮ ಡಾಕ್ಟರ್ ಜೊತೆ ಮಾತಾಡಿಯೇ ಆಗಲಿ.

## ಮೊದಲ ಪ್ರಶ್ನೆಗಳು

ಅಡ್ರಿನಲ್ ಗ್ರಂಥಿ ಅಂದ್ರೆ ಯಾವುದು? ಅಲ್ಲಿ ಗೆಡ್ಡೆ ಬಂದ್ರೆ ಗೊತ್ತಾಗೋದು ಹೇಗೆ?

ಎರಡೂ ಕಿಡ್ನಿಗಳ ಮೇಲೆ ಒಂದೊಂದು ಪುಟ್ಟ ಗ್ರಂಥಿ ಕೂತಿರುತ್ತದೆ. ಅದೇ ಅಡ್ರಿನಲ್. ಅದರ ಹೊರಪದರ ಕಾರ್ಟಿಸಾಲ್, ಅಲ್ಡೋಸ್ಟಿರಾನ್ ಮುಂತಾದ ಹಾರ್ಮೋನ್ ಮಾಡುತ್ತದೆ. ಒಳಗಿನ ತಿರುಳು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಮಾಡುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಎನ್ನುವುದು, ಅಂಗೈ ಬೆವರುವುದು ಈ ತಿರುಳಿನ ಕೆಲಸ.

ಈ ತಿರುಳಿನಲ್ಲಿ ಬೆಳೆಯುವ ಗೆಡ್ಡೆಯೇ ಫಿಯೋಕ್ರೊಮೊಸೈಟೋಮಾ. ಡಾಕ್ಟರುಗಳು ಚಿಕ್ಕದಾಗಿ ‘ಫಿಯೋ’ ಎನ್ನುತ್ತಾರೆ. ಇದೇ ಮೂಲದ ಜೀವಕೋಶಗಳು ಹೊಟ್ಟೆಯ ಹಿಂಭಾಗದಲ್ಲಿ, ಎದೆಯಲ್ಲಿ, ಕತ್ತಿನಲ್ಲೂ ಅಲ್ಲಲ್ಲಿ ಇರುತ್ತವೆ. ಅಲ್ಲಿ ಗೆಡ್ಡೆಯಾದರೆ ಪ್ಯಾರಾಗ್ಯಾಂಗ್ಲಿಯೋಮಾ ಎನ್ನುತ್ತಾರೆ. ಸಕ್ಸಿನೇಟ್ ವಿಷಯದಲ್ಲಿ ಎರಡನ್ನೂ ಒಟ್ಟಿಗೇ ನೋಡಬೇಕು.

ಗೆಡ್ಡೆ ಹೇಳದೆ ಕೇಳದೆ ಅಡ್ರಿನಲಿನ್ ಸುರಿಯುತ್ತದೆ. ತಲೆ ಸಿಡಿಯುವಂಥ ನೋವು, ಮೈಯೆಲ್ಲ ಬೆವರು, ಜೋರಾದ ಎದೆಬಡಿತ. ಈ ಮೂರೂ ಒಟ್ಟಿಗೆ ಬಂದು ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುತ್ತವೆ. ಆಗ ಮುಖ ಬಿಳಿಚಿಕೊಳ್ಳುತ್ತದೆ, ಬಿಪಿ ವಿಪರೀತ ಏರಿರುತ್ತದೆ. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ! ಹಾಗಾಗಿ ‘ಟೆನ್ಷನ್ ಮಾಡ್ಕೊಳ್ತೀರಿ’ ಎಂದು ವರ್ಷಗಟ್ಟಲೆ ತಳ್ಳಿಹಾಕುವುದುಂಟು. ಹೆಂಗಸರಾದರೆ ‘ಮುಟ್ಟು ನಿಲ್ಲೋ ಸಮಯ, ಹಾಗೇ ಆಗುತ್ತೆ’ ಎಂಬ ಉತ್ತರ ಇನ್ನೂ ಬೇಗ ಸಿಗುತ್ತದೆ.

ನನಗೂ ಬಿಪಿ ಇದೆ, ಬೆವರೂ ಬರುತ್ತೆ. ಇದೇ ಇರಬಹುದಾ?

ಇರಲಿಕ್ಕಿಲ್ಲ. ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 2ರಿಂದ 8 ಮಂದಿಯಲ್ಲಿ ಮಾತ್ರ ಈ ಗೆಡ್ಡೆ ಪತ್ತೆಯಾಗುತ್ತದೆ. ಬಿಪಿಗೆ ಆಸ್ಪತ್ರೆಗೆ ಬರುವವರನ್ನೇ ತೆಗೆದುಕೊಂಡರೂ ಸಾವಿರಕ್ಕೆ 2ರಿಂದ 6.

ಆದರೆ ಕೆಲವರು ಕೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಚಿಕ್ಕ ವಯಸ್ಸಿಗೇ ಬಿಪಿ ಬಂದವರು, ಮೂರು ಬಗೆಯ ಮಾತ್ರೆಗೂ ಬಿಪಿ ಬಗ್ಗದವರು, ಮೇಲೆ ಹೇಳಿದ ಮೂರು ಲಕ್ಷಣ ಬಿಟ್ಟು ಬಿಟ್ಟು ಬರುವವರು, ಮನೆಯಲ್ಲಿ ಯಾರಿಗಾದರೂ ಈ ಗೆಡ್ಡೆ ಇದ್ದವರು ಈ ಪಟ್ಟಿಯಲ್ಲಿ ಬರುತ್ತಾರೆ. ಬೇರೇನೋ ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗ ಬಿಪಿ ಇದ್ದಕ್ಕಿದ್ದಂತೆ ಹಾರಿತ್ತು ಎಂದು ಹೇಳಿಸಿಕೊಂಡವರೂ ಇದನ್ನು ಮರೆಯಬಾರದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಚುಚ್ಚಿದ ಮೇಲೋ ಸ್ಟಿರಾಯ್ಡ್ ಕೊಟ್ಟ ಮೇಲೋ ಹೀಗಾಗಿದ್ದರೂ ಅಷ್ಟೇ.

ಇದು ಕ್ಯಾನ್ಸರಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ಹೆಚ್ಚಿನ ಫಿಯೋಗಳು ಇದ್ದಲ್ಲೇ ಇರುತ್ತವೆ, ತೆಗೆದರೆ ಮುಗಿಯಿತು. ನೂರರಲ್ಲಿ ಸುಮಾರು ಹತ್ತು ಮೂಳೆ, ಯಕೃತ್ತು, ಶ್ವಾಸಕೋಶಕ್ಕೆ ಹರಡುತ್ತವೆ. ಯಾವುದು ಹರಡುತ್ತದೆ, ಯಾವುದು ಇಲ್ಲ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2017ರ ವರ್ಗೀಕರಣದಲ್ಲಿ ‘ನಿರುಪದ್ರವಿ ಫಿಯೋ’ ಎಂಬ ವಿಭಾಗವನ್ನೇ ಕೈಬಿಟ್ಟಿತು. ಎಲ್ಲ ಫಿಯೋಗಳಿಗೂ ಹರಡುವ ಸಾಧ್ಯತೆ ಉಂಟು, ಕೆಲವಕ್ಕೆ ಜಾಸ್ತಿ, ಕೆಲವಕ್ಕೆ ಕಡಿಮೆ ಎಂಬುದು ಈಗಿನ ನಿಲುವು.

## ಆ ರಾಸಾಯನಿಕದ ಬಗ್ಗೆ

ಯಾವುದೋ ಕೆಮಿಕಲ್‌ನಿಂದ ಈ ಟ್ಯೂಮರ್ ಬರುತ್ತೆ ಅಂತ ಓದಿದೆ. ಆ ಕೆಮಿಕಲ್ ನಮ್ಮ ಮೈಗೆ ಎಲ್ಲಿಂದ ಬರುತ್ತೆ?

ಎಲ್ಲಿಂದಲೂ ಬರುವುದಿಲ್ಲ. ನಿಮ್ಮ ಜೀವಕೋಶಗಳೇ ಈ ಕ್ಷಣವೂ ಅದನ್ನು ಮಾಡುತ್ತಿವೆ. ಸುದ್ದಿಯ ಶೀರ್ಷಿಕೆಗಳು ಹಾದಿ ತಪ್ಪಿಸುವುದು ಇಲ್ಲೇ. ‘ರಾಸಾಯನಿಕ’ ಎಂದ ಕೂಡಲೇ ನಮಗೆ ಕಾರ್ಖಾನೆ, ಔಷಧಿ ಸಿಂಪಡಣೆ, ಪ್ಲಾಸ್ಟಿಕ್ ನೆನಪಾಗುತ್ತದೆ. ಸಕ್ಸಿನೇಟ್ ಅಂಥದ್ದಲ್ಲ.

ತಿಂದ ಅನ್ನ, ರಾಗಿ, ಎಣ್ಣೆಯಿಂದ ಶಕ್ತಿ ತೆಗೆಯಲು ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ ಒಂದು ಚಕ್ರ ನಡೆಯುತ್ತದೆ. 1937ರಲ್ಲಿ ಹನ್ಸ್ ಕ್ರೆಬ್ಸ್ ಅದನ್ನು ಬಿಡಿಸಿ ತೋರಿಸಿದರು, ಹಾಗಾಗಿ ಕ್ರೆಬ್ಸ್ ಚಕ್ರ. ಅದರ ಒಂದು ಹಂತದಲ್ಲಿ ಸಕ್ಸಿನೇಟ್ ಹುಟ್ಟುತ್ತದೆ. ಮರುಕ್ಷಣವೇ ಸಕ್ಸಿನೇಟ್ ಡಿಹೈಡ್ರೊಜನೇಸ್ ಎಂಬ ಕಿಣ್ವ ಅದನ್ನು ಫ್ಯೂಮರೇಟ್ ಆಗಿ ಬದಲಾಯಿಸುತ್ತದೆ. ಈ ಕಿಣ್ವವನ್ನು ಎಸ್‌ಡಿಎಚ್ ಎನ್ನೋಣ. ಎ, ಬಿ, ಸಿ, ಡಿ ಎಂಬ ನಾಲ್ಕು ಭಾಗಗಳಿಂದ ಅದು ಕಟ್ಟಿಕೊಂಡಿದೆ. ಯಾವುದಾದರೂ ಒಂದು ಭಾಗದ ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟರೆ ಕಿಣ್ವ ನಿಂತುಹೋಗುತ್ತದೆ.

ಕಾಲುವೆಯಲ್ಲಿ ಮುಂದೆ ಹೂಳು ಕಟ್ಟಿದರೆ ನೀರು ಹಿಂದಕ್ಕೆ ಒತ್ತಿ ಪಕ್ಕದ ಗದ್ದೆಗೆ ನುಗ್ಗುತ್ತದಲ್ಲ, ಇಲ್ಲೂ ಹಾಗೇ. ಸಕ್ಸಿನೇಟ್ ಮುಂದೆ ಹೋಗಲಾರದೆ ರಾಶಿ ಬೀಳುತ್ತದೆ. ಮೈಟೊಕಾಂಡ್ರಿಯಾ ಬಿಟ್ಟು ಹೊರಗೆ ಹರಿದು, ತನಗೆ ಸಂಬಂಧವಿಲ್ಲದ ಕಡೆ ಕೈ ಹಾಕುತ್ತದೆ. ಸಂಶೋಧನೆ ಹೇಳುವುದು ಈ ರಾಶಿಯ ಬಗ್ಗೆ. ಸಕ್ಸಿನೇಟ್ ಇಲ್ಲದೆ ನಾವು ಬದುಕಲಾರೆವು.

ನಾನು ತಗೊಳ್ಳೋ ಬಿಪಿ ಮಾತ್ರೆ ಮೇಲೆ ‘ಮೆಟೊಪ್ರೊಲಾಲ್ ಸಕ್ಸಿನೇಟ್’ ಅಂತಿದೆ. ನಿಲ್ಲಿಸಿಬಿಡ್ಲಾ?

ಬೇಡ, ಖಂಡಿತ ಬೇಡ. ಈ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಹೃದಯಕ್ಕೆ ತೊಂದರೆ. ಮಾತ್ರೆಯಲ್ಲಿರುವ ಸಕ್ಸಿನೇಟ್ ಬರೀ ಔಷಧಿಯ ಲವಣ ರೂಪ, ಅದೂ ಬಹಳ ಕಡಿಮೆ. ಬಸುರಿಯರ ವಾಂತಿಗೆ ಕೊಡುವ ಡಾಕ್ಸಿಲಮೈನ್ ಸಕ್ಸಿನೇಟ್ ಕಥೆಯೂ ಅದೇ. ಆಹಾರದಲ್ಲಿ ಹುಳಿಗಾಗಿ ಸೇರಿಸುವ ಸಕ್ಸಿನಿಕ್ ಆಮ್ಲ ಕೂಡ ಹಾಗೆಯೇ. ಹೊಟ್ಟೆಗೆ ಹೋದದ್ದನ್ನು ಆರೋಗ್ಯವಂತ ಜೀವಕೋಶಗಳು ಉರಿಸಿಬಿಡುತ್ತವೆ. ಗೆಡ್ಡೆಯೊಳಗಿನ ರಾಶಿ ಅಲ್ಲಿಯೇ ಹುಟ್ಟಿದ್ದು.

ಆದರೂ ಫಿಯೋ ವಿಷಯದಲ್ಲಿ ಈ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ ಇದೆ. ಅದಕ್ಕೂ ಸಕ್ಸಿನೇಟ್‌ಗೂ ಸಂಬಂಧವಿಲ್ಲ. ಮೆಟೊಪ್ರೊಲಾಲ್ ಒಂದು ಬೀಟಾ ಬ್ಲಾಕರ್, ಅಂದರೆ ಹೃದಯದ ಮೇಲೆ ಅಡ್ರಿನಲಿನ್‌ನ ಹಿಡಿತ ಸಡಿಲಿಸುವ ಮಾತ್ರೆ. ಫಿಯೋ ಇರುವವರಿಗೆ ಮೊದಲು ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಕೊಡದೆ ಬೀಟಾ ಬ್ಲಾಕರ್ ಮಾತ್ರ ಕೊಟ್ಟರೆ ರಕ್ತನಾಳಗಳು ಇನ್ನಷ್ಟು ಬಿಗಿದು ಬಿಪಿ ಸಿಕ್ಕಾಪಟ್ಟೆ ಏರಬಹುದು. ಬೀಟಾ ಬ್ಲಾಕರ್ ಶುರು ಮಾಡಿದ ಮೇಲೆ ಬಿಪಿ ಇಳಿಯುವ ಬದಲು ಹಾರಿದ್ದರೆ ಡಾಕ್ಟರಿಗೆ ಹೇಳಿ.

ನಮ್ಮದು ತೋಟ, ವರ್ಷವೆಲ್ಲ ಔಷಧಿ ಹೊಡೀತೀವಿ. ಅದರಿಂದ ಬಂತಾ?

ಈ ಪ್ರಶ್ನೆ ನ್ಯಾಯವಾದದ್ದೇ. ಕೀಟನಾಶಕಗಳಿಂದ ಬೇರೆ ಬೇರೆ ಹಾನಿ ಇರುವುದು ಸುಳ್ಳಲ್ಲ. ಆದರೆ ಮನುಷ್ಯರ ಫಿಯೋಗೆ ಹೊರಗಿನ ಇಂಥದ್ದೇ ರಾಸಾಯನಿಕ ಕಾರಣ ಎಂದು ಗಟ್ಟಿಯಾಗಿ ತೋರಿಸಿದ್ದು ಯಾವುದೂ ಇಲ್ಲ. ಪ್ರಯೋಗಶಾಲೆಯ ದೊಡ್ಡ ಜಾತಿಯ ಇಲಿಗಳಲ್ಲಿ (ರ್‍ಯಾಟ್) ಅಡ್ರಿನಲ್ ತಿರುಳಿನ ಗೆಡ್ಡೆ ಬಲು ಸುಲಭವಾಗಿ ಬರುತ್ತದೆ. ಝೈಲಿಟಾಲ್‌ನಂಥ ಸಿಹಿ, ಅತಿಯಾದ ವಿಟಮಿನ್ ಡಿ ಕೊಟ್ಟರೂ ಆ ಜೀವಕೋಶಗಳು ಜಾಸ್ತಿ ಬೆಳೆಯುತ್ತವೆ. ಅದನ್ನು ನೋಡಿ ಮನುಷ್ಯರ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಬ್ರೆಜಿಲ್‌ನ ದಕ್ಷಿಣದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಪರಾನಾ ರಾಜ್ಯದ ಮಕ್ಕಳಲ್ಲಿ ಅಡ್ರಿನಲ್ ಹೊರಪದರದ ಗೆಡ್ಡೆ ಬೇರೆ ದೇಶಗಳಿಗಿಂತ 10ರಿಂದ 15 ಪಟ್ಟು ಜಾಸ್ತಿ ಕಾಣುತ್ತಿತ್ತು. ಬೇಸಾಯದ ನಾಡು, ಹಾಗಾಗಿ ಅನುಮಾನ ಕೀಟನಾಶಕದ ಮೇಲೆ ಹೋಯಿತು. 2001ರಲ್ಲಿ ಉತ್ತರ ಸಿಕ್ಕಿತು. ಆ ಕುಟುಂಬಗಳಲ್ಲಿ ಟಿಪಿ53 ಎಂಬ ಜೀನ್‌ನ ಒಂದೇ ಬಗೆಯ ದೋಷ ತಲೆಮಾರುಗಳಿಂದ ಹರಿದುಬಂದಿತ್ತು.

ಇದರ ತಲೆಕೆಳಗಾದ ಕಥೆಯೂ ಒಂದಿದೆ. ಡಿಡಿಟಿಯ ಹತ್ತಿರದ ನೆಂಟ ಡಿಡಿಡಿ. ಅದು ನಾಯಿಗಳ ಅಡ್ರಿನಲ್ ಹೊರಪದರವನ್ನು ನಾಶ ಮಾಡುತ್ತದೆ ಎಂದು 1949ರಲ್ಲಿ ಗೊತ್ತಾಯಿತು. ಅದರಿಂದಲೇ ಬಂದ ಮೈಟೊಟೇನ್ ಇವತ್ತಿಗೂ ಆ ಹೊರಪದರದ ಕ್ಯಾನ್ಸರ್‌ಗೆ ಔಷಧಿ! ಫಿಯೋಗೆ ಮಾತ್ರ ಅದು ಉಪಯೋಗವಿಲ್ಲ.

ಸಕ್ಸಿನೇಟ್ ಮೇಲೆ ಅನುಮಾನ ಹುಟ್ಟಿದ್ದಾದರೂ ಹೇಗೆ?

ರಾಸಾಯನಿಕವನ್ನು ಹುಡುಕುತ್ತಾ ಯಾರೂ ಹೊರಟಿರಲಿಲ್ಲ. ಕುಟುಂಬಗಳನ್ನು ನೋಡುತ್ತಾ ಅಲ್ಲಿಗೆ ಬಂದು ಮುಟ್ಟಿದರು.

ನೆದರ್ಲೆಂಡ್ಸ್‌ನ ಕೆಲವು ಕುಟುಂಬಗಳಲ್ಲಿ ಕತ್ತಿನ ಪ್ಯಾರಾಗ್ಯಾಂಗ್ಲಿಯೋಮಾ ತಲೆತಲಾಂತರದಿಂದ ಬರುತ್ತಿತ್ತು. ಅದರಲ್ಲೊಂದು ವಿಚಿತ್ರವಿತ್ತು. ಅಪ್ಪನಿಂದ ದೋಷ ಬಂದ ಮಕ್ಕಳಿಗೆ ಗೆಡ್ಡೆ ಆಗುತ್ತಿತ್ತು, ಅಮ್ಮನಿಂದ ಬಂದವರಿಗೆ ಆಗುತ್ತಿರಲಿಲ್ಲ. 1989ರಲ್ಲಿ ಇದು ವರದಿಯಾಯಿತು. 2000ದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ ಬೋರಾ ಬೈಸಲ್ ಮತ್ತು ಸಂಗಡಿಗರು ಇಂಥ ಕುಟುಂಬಗಳಲ್ಲಿ ಕೆಟ್ಟಿರುವ ಜೀನ್ ಎಸ್‌ಡಿಎಚ್‌ಡಿ, ಅಂದರೆ ಎಸ್‌ಡಿಎಚ್ ಕಿಣ್ವದ ಡಿ ಭಾಗದ್ದು ಎಂದು ತೋರಿಸಿದರು. ಅದೇ ವರ್ಷ ಎಸ್‌ಡಿಎಚ್‌ಸಿ, 2001ರಲ್ಲಿ ಎಸ್‌ಡಿಎಚ್‌ಬಿ ಸಿಕ್ಕಿದವು. ಎಸ್‌ಡಿಎಚ್‌ಎ ದೋಷವೂ ಈ ಗೆಡ್ಡೆಗೆ ಕಾರಣವಾಗುತ್ತದೆ ಎಂದು 2010ರಲ್ಲಿ ಗೊತ್ತಾಯಿತು.

ವಿಜ್ಞಾನಿಗಳಿಗೆ ಇದು ದೊಡ್ಡ ಆಶ್ಚರ್ಯ. ಬರೀ ಊಟದಿಂದ ಶಕ್ತಿ ತೆಗೆಯುವ ಸಾಮಾನ್ಯ ಕಿಣ್ವವೊಂದು ಗೆಡ್ಡೆಯನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ ಎಂದು ಯಾರು ಅಂದುಕೊಂಡಿದ್ದರು? ಕಿಣ್ವ ಕೆಟ್ಟರೆ ರಾಶಿ ಬೀಳುವುದು ಸಕ್ಸಿನೇಟ್. ಹೀಗೆ ಎಲ್ಲರ ಕಣ್ಣು ಅದರ ಮೇಲೆ ಬಿತ್ತು.

## ಪರೀಕ್ಷೆ, ಚಿಕಿತ್ಸೆ, ಮನೆತನ

ಹಾಗಾದ್ರೆ ರಕ್ತದಲ್ಲಿ ಸಕ್ಸಿನೇಟ್ ಎಷ್ಟಿದೆ ಅಂತ ನೋಡಿದ್ರೆ ಸಾಕಲ್ವಾ?

ಕೇಳಲು ಸರಿ ಅನಿಸುತ್ತದೆ, ಆದರೆ ರೋಗ ಪತ್ತೆ ಹಚ್ಚುವುದು ಹಾಗಲ್ಲ. ನೋಡುವುದು ಮೆಟನೆಫ್ರಿನ್‌ಗಳನ್ನು. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಗೆಡ್ಡೆಯೊಳಗೇ ಒಡೆದಾಗ ಅವು ಹುಟ್ಟುತ್ತವೆ. ಅಡ್ರಿನಲಿನ್ ಆಗಾಗ ಮಾತ್ರ ಸುರಿದರೂ ಮೆಟನೆಫ್ರಿನ್ ಸದಾ ಸೋರುತ್ತಿರುತ್ತದೆ. ಹಾಗಾಗಿ ಮೈ ಬೆವರದ ದಿನವೂ ಅದು ಸಿಕ್ಕಿಬೀಳುತ್ತದೆ. ರಕ್ತದಲ್ಲಿ ನೋಡಬಹುದು, ಇಲ್ಲವೇ 24 ಗಂಟೆಯ ಮೂತ್ರ ಹಿಡಿದು ನೋಡಬಹುದು.

ರಕ್ತ ತೆಗೆಯುವ ಮುಂಚೆ 20-30 ನಿಮಿಷ ಸುಮ್ನೆ ಮಲಗಿರಬೇಕು. ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ಸುಳ್ಳು ‘ಪಾಸಿಟಿವ್’ ಬರುವುದು ಜಾಸ್ತಿ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳೂ ಅಂಕಿ ಏರಿಸುತ್ತವೆ. ಲ್ಯಾಬ್‌ನವರು ಕೇಳದಿದ್ದರೂ ನೀವೇ ಹೇಳಿ. ಸ್ವಲ್ಪ ಏರಿದ ಅಂಕಿ ನೋಡಿ ಗೆಡ್ಡೆ ಇದೆ ಎಂದು ಹೆದರಬೇಡಿ. ನಿಜವಾದ ಫಿಯೋ ಇದ್ದರೆ ಅಂಕಿ ಸಾಮಾನ್ಯವಾಗಿ ಹಲವು ಪಟ್ಟು ಏರಿರುತ್ತದೆ. ಆಮೇಲೆ ಸಿಟಿ ಅಥವಾ ಎಂಆರ್‌ಐ. ಹರಡಿದೆಯೋ ಎಂದು ನೋಡಲು ಗ್ಯಾಲಿಯಂ ಡೋಟಟೇಟ್ ಪೆಟ್ ಸ್ಕ್ಯಾನ್.

ಸಕ್ಸಿನೇಟ್ ಕೆಲಸಕ್ಕೆ ಬರುವುದು ನಂತರದ ಹಂತದಲ್ಲಿ. ತೆಗೆದ ಗೆಡ್ಡೆಯ ಚೂರಿನಲ್ಲಿ ಸಕ್ಸಿನೇಟ್ ಮತ್ತು ಫ್ಯೂಮರೇಟ್ ಅಳೆದು ಹೋಲಿಸಿದರೆ ಕಿಣ್ವ ಕೆಟ್ಟಿದೆಯೇ ಎಂದು ತಿಳಿಯುತ್ತದೆ. ಗೆಡ್ಡೆ ಮೈಯಲ್ಲಿ ಇರುವಾಗಲೇ ವಿಶೇಷ ಎಂಆರ್ ತಂತ್ರದಿಂದ ಅದರೊಳಗಿನ ಸಕ್ಸಿನೇಟನ್ನು ಗುರುತಿಸಬಹುದು ಎಂದು ಪ್ಯಾರಿಸ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅದು ಇನ್ನೂ ಊರೂರ ಸ್ಕ್ಯಾನ್ ಸೆಂಟರ್‌ಗೆ ಬಂದಿಲ್ಲ. ಅದಕ್ಕಿಂತ ಸುಲಭವಾದದ್ದು ಗೆಡ್ಡೆಯ ತೆಳು ಪದರಕ್ಕೆ ಎಸ್‌ಡಿಎಚ್‌ಬಿ ಪ್ರೋಟೀನ್ ತೋರಿಸುವ ಬಣ್ಣ ಹಾಕುವುದು. ನಾಲ್ಕು ಭಾಗಗಳಲ್ಲಿ ಯಾವುದು ಕೆಟ್ಟರೂ ಬಣ್ಣ ಹಿಡಿಯುವುದಿಲ್ಲ.

ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದ್ವಿ, ಅಡ್ರಿನಲ್‌ನಲ್ಲಿ ಗಂಟು ಅಂತ ಬರೆದಿದ್ದಾರೆ. ನಿದ್ದೆ ಬರ್ತಿಲ್ಲ.

ವಯಸ್ಸಾದಂತೆ ಇಂಥ ಗಂಟು ಬಹಳ ಮಂದಿಯಲ್ಲಿ ಕಾಣುತ್ತದೆ. ಹೆಚ್ಚಿನವು ಹೊರಪದರದ ನಿರುಪದ್ರವಿ ಗಂಟುಗಳು. ಬಣ್ಣದ್ರವ ಚುಚ್ಚದೆ ತೆಗೆದ ಸಿಟಿಯಲ್ಲಿ ಗಂಟಿನ ಸಾಂದ್ರತೆ 10 ಹೌನ್ಸ್‌ಫೀಲ್ಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಫಿಯೋ ಆಗಿರುವುದಿಲ್ಲ ಎನ್ನಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಮೆಟನೆಫ್ರಿನ್ ನೋಡಲೇಬೇಕು. ನೋಡುವ ಮುಂಚೆ ಸೂಜಿ ಹಾಕಿ ಬಯಾಪ್ಸಿ ಮಾಡಲು ಯಾರಾದರೂ ಹೊರಟರೆ ‘ಮೆಟನೆಫ್ರಿನ್ ನೋಡಿದ್ರಾ ಸರ್?’ ಎಂದು ಕೇಳಿ. ಫಿಯೋಗೆ ಸೂಜಿ ಚುಚ್ಚಿದರೆ ಪ್ರಾಣಕ್ಕೇ ಬರಬಹುದು.

ಗೆಡ್ಡೆ ಇದೆ ಅಂತ ಗೊತ್ತಾದ್ಮೇಲೂ ಆಪರೇಷನ್ ಯಾಕೆ ಮುಂದಕ್ಕೆ ಹಾಕ್ತಿದ್ದಾರೆ?

ತಯಾರಿಗೆ. ಕೈ ತಾಕಿದರೆ ಸಾಕು, ಗೆಡ್ಡೆ ಅಡ್ರಿನಲಿನ್ ಉಗುಳುತ್ತದೆ. 1926ರಲ್ಲಿ ಸ್ವಿಟ್ಜರ್ಲೆಂಡ್‌ನ ಲೂಸಾನ್‌ನಲ್ಲಿ ಸೀಸರ್ ರೂ, ಅಮೆರಿಕದ ರಾಚೆಸ್ಟರ್‌ನಲ್ಲಿ ಚಾರ್ಲ್ಸ್ ಮೇಯೊ ಮೊದಲ ಬಾರಿಗೆ ಇಂಥ ಗೆಡ್ಡೆ ತೆಗೆದು ರೋಗಿಯನ್ನು ಉಳಿಸಿಕೊಂಡರು. ಒಳಗಿರುವುದು ಏನು ಎಂದು ಮೇಯೊಗೆ ಮೊದಲೇ ಗೊತ್ತಿರಲಿಲ್ಲ!

ಈಗ 7ರಿಂದ 14 ದಿನ ಆಲ್ಫಾ ಬ್ಲಾಕರ್ ಕೊಡುತ್ತಾರೆ. ಪ್ರಜೋಸಿನ್, ಡಾಕ್ಸಜೋಸಿನ್, ಫಿನಾಕ್ಸಿಬೆನ್ಜಮೈನ್ ಇವುಗಳಲ್ಲಿ ಒಂದು. ಮೂಗು ಕಟ್ಟುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಅಂದರೆ ಔಷಧಿ ಕೆಲಸ ಮಾಡುತ್ತಿದೆ. ಜೊತೆಗೆ ಉಪ್ಪು, ನೀರು ಜಾಸ್ತಿ ತಗೊಳ್ಳಿ ಎನ್ನುತ್ತಾರೆ. ಇಷ್ಟು ವರ್ಷ ಉಪ್ಪು ಮುಟ್ಟಬೇಡ ಎಂದು ಕೇಳಿಸಿಕೊಂಡ ಬಿಪಿ ರೋಗಿಗೆ ಇದು ತಮಾಷೆ ಅನಿಸುತ್ತದೆ. ಬಿಗಿದುಕೊಂಡಿದ್ದ ರಕ್ತನಾಳಗಳು ಸಡಿಲವಾದಾಗ ಅವುಗಳನ್ನು ತುಂಬಲು ನೀರು ಬೇಕಲ್ಲ, ಅದಕ್ಕೆ. ತಯಾರಿ ಸರಿಯಾಗದಿದ್ದರೆ ಗೆಡ್ಡೆ ತೆಗೆದ ಕೂಡಲೇ ಬಿಪಿ ಕುಸಿಯುತ್ತದೆ. ಹೆಚ್ಚಿನ ಆಪರೇಷನ್ ಈಗ ಲ್ಯಾಪರೊಸ್ಕೋಪಿಯಲ್ಲೇ ಆಗುತ್ತದೆ. ಈ ಕೆಲಸದಲ್ಲಿ ಕೈ ಪಳಗಿದ ಸರ್ಜನ್ ಎಷ್ಟು ಮುಖ್ಯವೋ ಅರಿವಳಿಕೆ ಡಾಕ್ಟರೂ ಅಷ್ಟೇ ಮುಖ್ಯ. ಆಮೇಲೆ ಕನಿಷ್ಠ 10 ವರ್ಷ ವರ್ಷಕ್ಕೊಮ್ಮೆ ಪರೀಕ್ಷೆ.

ಅಪ್ಪನಿಗೆ ಫಿಯೋ ಆಗಿತ್ತು. ನಮಗೆಲ್ಲ ಬರುತ್ತಾ?

ಈ ಗೆಡ್ಡೆ ಬಂದವರಲ್ಲಿ ಸುಮಾರು 30-40 ಶೇಕಡ ಮಂದಿಗೆ ಹುಟ್ಟಿನಿಂದ ಬಂದ ಜೀನ್ ದೋಷ ಇರುತ್ತದೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ ಇರಬಹುದು. ಹಾಗಾಗಿ ಗೆಡ್ಡೆ ಬಂದ ಎಲ್ಲರಿಗೂ ಜೀನ್ ಪರೀಕ್ಷೆಯ ಬಗ್ಗೆ ಹೇಳಬೇಕು ಎಂಬುದು ಈಗಿನ ಪದ್ಧತಿ. ಮೊದಲು ಅಪ್ಪನಿಗೆ ಮಾಡಿಸಿ. ಅವರಲ್ಲಿ ದೋಷ ಸಿಕ್ಕರೆ ಮಾತ್ರ ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು ಅದೊಂದನ್ನೇ ನೋಡಿಸಿದರೆ ಸಾಕು. ಮಗುವಿಗೆ ದೋಷ ಹೋಗುವ ಸಾಧ್ಯತೆ ಅರ್ಧಕ್ಕರ್ಧ.

ಎಲ್ಲರದ್ದೂ ಎಸ್‌ಡಿಎಚ್ ಅಲ್ಲ. ವಿಎಚ್‌ಎಲ್, ಆರ್‌ಇಟಿ, ಎನ್‌ಎಫ್1 ಜೀನ್‌ಗಳೂ ಇವೆ. ಮುಂಬೈನ ಕೆಇಎಂ ಆಸ್ಪತ್ರೆಯ ತಂಡ ಭಾರತದ ರೋಗಿಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ದೋಷವಿತ್ತು. ಎಲ್ಲಕ್ಕಿಂತ ಜಾಸ್ತಿ ಕಂಡದ್ದು ವಿಎಚ್‌ಎಲ್.

ಎಸ್‌ಡಿಎಚ್‌ಡಿ ಆದರೆ ಅಪ್ಪನಿಂದ ಬಂದಾಗಲೇ ಗೆಡ್ಡೆಯ ಭಯ, ಅಮ್ಮನಿಂದ ಬಂದರೆ ಬಹಳ ಅಪರೂಪ. ಆದರೆ ಅಮ್ಮನಿಂದ ಪಡೆದ ಮಗ ಅದನ್ನು ತನ್ನ ಮಕ್ಕಳಿಗೆ ಕೊಟ್ಟರೆ ಅವರಿಗೆ ಬರಬಹುದು. ‘ನಮ್ಮ ತಲೆಮಾರಿಗೆ ನಿಂತುಹೋಯ್ತು’ ಎಂದು ಅಂದುಕೊಂಡಾಗ ಮೊಮ್ಮಕ್ಕಳಲ್ಲಿ ಕಾಣುವುದು ಹೀಗೆ. ಎಸ್‌ಡಿಎಚ್‌ಬಿ ಇದ್ದವರ ಗೆಡ್ಡೆಗಳು ಹರಡುವುದು ಜಾಸ್ತಿ. ಆದರೆ ದೋಷ ಇದ್ದ ಮಾತ್ರಕ್ಕೆ ಗೆಡ್ಡೆ ಬಂದೇ ಬರುತ್ತದೆ ಎಂದಿಲ್ಲ. ಬಹಳ ಮಂದಿಗೆ ಜೀವಮಾನವಿಡೀ ಬರುವುದೇ ಇಲ್ಲ. ದೊಡ್ಡವರಿಗೆ ವರ್ಷಕ್ಕೊಮ್ಮೆ ಬಿಪಿ, ಮೆಟನೆಫ್ರಿನ್ ನೋಡಿ, 2-3 ವರ್ಷಕ್ಕೊಮ್ಮೆ ಎಂಆರ್‌ಐ ಮಾಡಬೇಕು ಎಂದು 2021ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ಎಸ್‌ಡಿಎಚ್‌ಬಿ ಇರುವ ಮಕ್ಕಳಿಗೆ 6ರಿಂದ 10 ವರ್ಷದೊಳಗೆ ತಪಾಸಣೆ ಶುರು.

ನಮ್ಮ ಮನೇಲಿ ಎಸ್‌ಡಿಎಚ್‌ಬಿ ಇದೆ. ಅಕ್ಕನ ಮಗಳನ್ನೇ ತಂದುಕೊಳ್ಳೋ ಮಾತು ನಡೀತಿದೆ. ತೊಂದರೆ ಇಲ್ವಾ?

ಇದನ್ನು ಕೇಳಿದ್ದು ಒಳ್ಳೆಯದಾಯಿತು. ಹೊರದೇಶಗಳ ಮಾಹಿತಿಯಲ್ಲಿ ಈ ಮಾತು ಅಷ್ಟಾಗಿ ಬರುವುದಿಲ್ಲ, ನಮ್ಮ ಕಡೆ ಬೇಕೇ ಬೇಕು. ಒಬ್ಬರಲ್ಲಿ ಮಾತ್ರ ದೋಷವಿದ್ದರೆ ಮಗುವಿಗೆ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ ಸಿಗಬಹುದು ಅಷ್ಟೇ. ಸೋದರಿಕೆಯಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಏರುತ್ತದೆ. ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ, ಅಂದರೆ ನಾಲ್ಕರಲ್ಲಿ ಒಂದು ಸಾಧ್ಯತೆ, ಮಗುವಿನ ಇಡೀ ದೇಹಕ್ಕೆ ಆ ಕಿಣ್ವದ ಕೊರತೆ. ಚಿಕ್ಕಂದಿನಲ್ಲೇ ಮೆದುಳು, ಹೃದಯಕ್ಕೆ ಹಾನಿ ಮಾಡುವ ಗಂಭೀರ ಮೈಟೊಕಾಂಡ್ರಿಯಾ ಕಾಯಿಲೆ ಅದು. ಹುಡುಗಿಗೂ ಒಂದು ರಕ್ತಪರೀಕ್ಷೆ ಮಾಡಿಸಿ, ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿದ ಮೇಲೆ ನಿಶ್ಚಿತಾರ್ಥದ ಮಾತು ಎತ್ತಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ರಾಶಿ ಬಿದ್ದ ಸಕ್ಸಿನೇಟ್ ಗೆಡ್ಡೆ ಬೆಳೆಸೋದು ಹೇಗೆ? ಬಿಡಿಸಿ ಹೇಳಿ.

ಜೀವಕೋಶಕ್ಕೆ ಆಮ್ಲಜನಕ ಸಾಲದಾದಾಗ ಹಿಫ್ ಎಂಬ ಪ್ರೋಟೀನ್ ತಲೆ ಎತ್ತುತ್ತದೆ. ಹೊಸ ರಕ್ತನಾಳ ಬೆಳೆಸು, ಸಕ್ಕರೆ ಜಾಸ್ತಿ ಎಳೆದುಕೋ ಎಂದು ಜೀನ್‌ಗಳಿಗೆ ಆದೇಶ ಕೊಡುತ್ತದೆ. ಆಮ್ಲಜನಕ ಸಾಕಷ್ಟು ಇದ್ದಾಗ ಪಿಎಚ್‌ಡಿ ಎಂಬ ಕಿಣ್ವ ಹಿಫ್‌ಗೆ ಒಂದು ಗುರುತು ಹಾಕುತ್ತದೆ. ವಿಎಚ್‌ಎಲ್ ಪ್ರೋಟೀನ್ ಆ ಗುರುತು ಹಿಡಿದು ಅದನ್ನು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕದ ಈ ಲೆಕ್ಕಾಚಾರವನ್ನು ಬಿಡಿಸಿದ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು.

ಗುರುತು ಹಾಕುವಾಗ ಪಿಎಚ್‌ಡಿ ಕಿಣ್ವಕ್ಕೆ ಆಮ್ಲಜನಕದ ಜೊತೆ 2-ಆಕ್ಸೋಗ್ಲುಟರೇಟ್ ಬೇಕು. ಕೆಲಸ ಮುಗಿದಾಗ ಆ ಆಕ್ಸೋಗ್ಲುಟರೇಟ್ ಏನಾಗುತ್ತದೆ ಗೊತ್ತಾ? ಸಕ್ಸಿನೇಟ್! ಅಲ್ಲಿ ಮೊದಲೇ ಸಕ್ಸಿನೇಟ್ ರಾಶಿ ಇದ್ದರೆ ಕಿಣ್ವದ ಕೆಲಸ ಕುಂಟುತ್ತದೆ. ಗುರುತು ಬೀಳುವುದಿಲ್ಲ, ಹಿಫ್ ಸಾಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಧಾರಾಳವಾಗಿದ್ದರೂ ಜೀವಕೋಶ ಉಸಿರುಗಟ್ಟಿದಂತೆ ವರ್ತಿಸುತ್ತದೆ. ಗ್ಲಾಸ್ಗೊದ ಬೀಟ್ಸನ್ ಸಂಸ್ಥೆಯಲ್ಲಿ ಐಯಾಲ್ ಗಾಟ್‌ಲೀಬ್ ತಂಡ 2005ರಲ್ಲಿ ಇದನ್ನು ತೋರಿಸಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಸೊಗಸಾದ ಭಾಗ ಇದೇ.

ಇನ್ನೆರಡು ಕಡೆಯಿಂದ ಹೋದರೂ ಇಲ್ಲಿಗೇ ಬರುತ್ತೇವೆ. ವಿಎಚ್‌ಎಲ್ ಕೆಟ್ಟರೆ ಸಕ್ಸಿನೇಟ್ ರಾಶಿ ಇಲ್ಲದೆಯೇ ಹಿಫ್ ಉಳಿಯುತ್ತದೆ, ಆಗಲೂ ಫಿಯೋ. ಹಿಫ್‌ನ ಒಂದು ಬಗೆಯಾದ ಹಿಫ್-2ರ ಜೀನ್‌ನಲ್ಲೇ ದೋಷವಿದ್ದು ಈ ಗೆಡ್ಡೆಗಳು ಬಂದ ರೋಗಿಗಳು 2012ರಲ್ಲಿ ವರದಿಯಾದರು.

ಡಿಎನ್‌ಎಗೂ ಏನೋ ಮಾಡುತ್ತಂತೆ?

ಹೌದು. ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ಗುರುತುಗಳು ಬಿದ್ದಾಗ ಆ ಜೀನ್ ಮೌನವಾಗುತ್ತದೆ. ಆ ಗುರುತು ಅಳಿಸುವ ಕಿಣ್ವಗಳಿಗೂ 2-ಆಕ್ಸೋಗ್ಲುಟರೇಟ್ ಬೇಕು, ಅವೂ ಸಕ್ಸಿನೇಟ್‌ಗೆ ಸೋಲುತ್ತವೆ. ಎಸ್‌ಡಿಎಚ್ ಕೆಟ್ಟ ಗೆಡ್ಡೆಗಳ ಡಿಎನ್‌ಎ ತುಂಬ ಇಂಥ ಗುರುತುಗಳು ವಿಪರೀತ ಇರುವುದನ್ನು ಫ್ರಾನ್ಸ್‌ನ ತಂಡ 2013ರಲ್ಲಿ ತೋರಿಸಿತು. ಎಸ್‌ಡಿಎಚ್‌ಬಿ ಗೆಡ್ಡೆಯಲ್ಲಿ ಇದು ಅತ್ಯಂತ ಜಾಸ್ತಿ. ಚಕ್ರದ ಮುಂದಿನ ಹಂತದ ಕಿಣ್ವ ಕೆಟ್ಟು ಫ್ಯೂಮರೇಟ್ ರಾಶಿ ಬಿದ್ದ ಗೆಡ್ಡೆಯಲ್ಲೂ ಅದೇ ಚಿತ್ರ ಕಂಡಿತು. ಮುರಿದ ಡಿಎನ್‌ಎ ರಿಪೇರಿಗೂ ಸಕ್ಸಿನೇಟ್ ಅಡ್ಡಿ ಮಾಡುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದರು.

ಎತ್ತರದ ಜಾಗದಲ್ಲಿ ಇರೋರಿಗೂ ಬರುತ್ತಂತೆ, ನಿಜಾನಾ? ನಮ್ಮದು ಮಡಿಕೇರಿ.

ಪೆರುವಿನ ಆಂಡಿಸ್ ಪರ್ವತಗಳಲ್ಲಿ ತಲೆಮಾರುಗಳಿಂದ ಇರುವವರಲ್ಲಿ ಕತ್ತಿನ ಪ್ಯಾರಾಗ್ಯಾಂಗ್ಲಿಯೋಮಾ ಹಲವು ಪಟ್ಟು ಜಾಸ್ತಿ ಎಂದು 1970ರ ದಶಕದಲ್ಲೇ ವರದಿಯಾಗಿತ್ತು. ಅದು 2,000 ಮೀಟರ್‌ಗೂ ಮೇಲಿನ ಮಾತು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಮಡಿಕೇರಿಯವರು ನಿಶ್ಚಿಂತೆಯಿಂದ ಇರಬಹುದು. ಹುಟ್ಟಿನಿಂದ ಹೃದಯದ ತೊಂದರೆಯಿದ್ದು ಮೈ ನೀಲಿಗಟ್ಟಿದವರಲ್ಲೂ ಫಿಯೋ ಜಾಸ್ತಿ ಕಾಣುತ್ತದೆ. ನಿಜವಾದ ಆಮ್ಲಜನಕ ಕೊರತೆಯೂ ಸಕ್ಸಿನೇಟ್ ಹುಟ್ಟಿಸುವ ಸುಳ್ಳು ಕೊರತೆಯೂ ಒಂದೇ ಕಡೆ ಕೈ ತೋರಿಸುತ್ತವೆ.

ಅಂದ್ರೆ ಸಕ್ಸಿನೇಟೇ ಕಾರಣ ಅಂತ ಸಾಬೀತಾಯ್ತಾ?

ಬಹುಮಟ್ಟಿಗೆ. ಪೂರ್ತಿ ಅಲ್ಲ. ದೊಡ್ಡ ತಲೆನೋವು ಸಣ್ಣ ಜಾತಿಯ ಇಲಿಗಳದ್ದು (ಮೌಸ್). ಎಸ್‌ಡಿಎಚ್ ಜೀನ್ ಕೆಡಿಸಿದ ಈ ಇಲಿಗಳಲ್ಲಿ ಸಕ್ಸಿನೇಟ್ ಏರಿದರೂ ಈ ಗೆಡ್ಡೆ ಸುಲಭವಾಗಿ ಹುಟ್ಟಲಿಲ್ಲ. ಮನುಷ್ಯರಲ್ಲೂ ದೋಷ ಮೈಯ ಪ್ರತಿ ಜೀವಕೋಶದಲ್ಲಿ ಇರುತ್ತದೆ. ಆದರೆ ಗೆಡ್ಡೆ ಬರುವುದು ಮುಖ್ಯವಾಗಿ ಅಡ್ರಿನಲ್ ತಿರುಳಿನ ಮತ್ತು ಅದೇ ಮೂಲದ ನರಸಂಬಂಧಿ ಜೀವಕೋಶಗಳಲ್ಲಿ, ಅಪರೂಪಕ್ಕೆ ಕಿಡ್ನಿ ಮತ್ತು ಜಠರದಲ್ಲಿ. ಉಳಿದ ಅಂಗಗಳು ಪಾರಾಗುವುದು ಯಾಕೆ? ಒಳ್ಳೆಯ ಪ್ರತಿಯೂ ಕಳೆದುಹೋಗಿ ಕಿಣ್ವ ಪೂರ್ತಿ ನಿಂತಾಗ ಹೆಚ್ಚಿನ ಜೀವಕೋಶಗಳು ಸಾಯುತ್ತವೆ, ಇವು ಹೇಗೋ ಬದುಕುತ್ತವೆ ಎಂಬುದು ಒಂದು ವಾದ. ನನಗೆ ಅದು ಅರ್ಧ ಉತ್ತರ ಮಾತ್ರ ಅನಿಸುತ್ತದೆ.

ಸಕ್ಸಿನೇಟ್ ಕಡಿಮೆ ಮಾಡೋ ಔಷಧಿ ಬಂದಿದೆಯಾ? ಪಥ್ಯ ಏನಾದ್ರೂ ಇದೆಯಾ?

ಪಥ್ಯ ಇಲ್ಲ. ಹೀಗೆಂದು ಯಾರಾದರೂ ಪುಡಿ, ಕಷಾಯ ಮಾರಿದರೆ ದುಡ್ಡು ಕೊಡಬೇಡಿ. ಸಕ್ಸಿನೇಟನ್ನೇ ಇಳಿಸಿ ಗೆಡ್ಡೆ ಕರಗಿಸುವ ಔಷಧಿಯೂ ಬಳಕೆಗೆ ಬಂದಿಲ್ಲ. ಅದು ಕೆಡಿಸಿದ ದಾರಿಗಳನ್ನು ಮುಂದೆ ತಡೆಯುವ ಔಷಧಿಗಳು ಮಾತ್ರ ಬರುತ್ತಿವೆ.

ಗೆಡ್ಡೆ ಹರಡಿದಾಗ ವಿಕಿರಣ ಸೂಸುವ ಎಂಐಬಿಜಿ, ಲುಟೀಷಿಯಂ ಡೋಟಟೇಟ್, ಕೀಮೋ ಬಳಸುತ್ತಾರೆ. ಟೆಮೊಜೋಲೊಮೈಡ್ ಎಂಬ ಕೀಮೋ ಮಾತ್ರೆ ಎಸ್‌ಡಿಎಚ್‌ಬಿ ದೋಷ ಇರುವವರಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಅಳಿಸದೆ ಉಳಿದ ಮೀಥೈಲ್ ಗುರುತುಗಳು ಗೆಡ್ಡೆಯ ರಿಪೇರಿ ಜೀನ್ ಒಂದನ್ನು ಮೌನ ಮಾಡಿರುವುದೇ ಅದಕ್ಕೆ ಕಾರಣ. ಸಕ್ಸಿನೇಟ್ ಮಾಡಿದ ಅನಾಹುತವೇ ಚಿಕಿತ್ಸೆಗೆ ಒದಗಿತು. ರಿಪೇರಿ ತಡೆಯುವ ಓಲಪಾರಿಬ್ ಜೊತೆ ಸೇರಿಸಿ ಕೊಡುವ ಪ್ರಯೋಗವನ್ನೂ ಕೈಗೊಂಡಿದ್ದಾರೆ. ರಕ್ತನಾಳ ಬೆಳೆಯದಂತೆ ತಡೆಯುವ ಸುನಿಟಿನಿಬ್ ಪಡೆದವರಲ್ಲಿ 36 ಶೇಕಡ ಮಂದಿಗೆ ಒಂದು ವರ್ಷವಾದರೂ ರೋಗ ಮುಂದುವರಿದಿರಲಿಲ್ಲ, ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 19 ಶೇಕಡ. ಈ ಕಾಯಿಲೆಗೆ ಹೀಗೆ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಮೊದಲ ಪರೀಕ್ಷೆ ಅದು, ಫಲಿತಾಂಶ ಪತ್ರಿಕೆಯಲ್ಲಿ ಪ್ರಕಟವಾದದ್ದು 2024ರಲ್ಲಿ.

ಹಿಫ್-2 ಅನ್ನೇ ನೇರವಾಗಿ ಹಿಡಿದು ನಿಲ್ಲಿಸುವ ಬೆಲ್ಜುಟಿಫಾನ್ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಈ ಗೆಡ್ಡೆಗಳಿಗಾಗಿ ಒಪ್ಪಿಗೆ ಕೊಟ್ಟಿತು. ಆಪರೇಷನ್ ಮಾಡಲಾಗದ ಅಥವಾ ಹರಡಿದ ರೋಗಕ್ಕೆ ಮಾತ್ರ. ಪರೀಕ್ಷೆಯಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ಗೆಡ್ಡೆ ಗಣನೀಯವಾಗಿ ಕುಗ್ಗಿತು. ಮುಖ್ಯ ಅಡ್ಡಪರಿಣಾಮ ರಕ್ತಹೀನತೆ, ಯಾಕೆಂದರೆ ಕೆಂಪುರಕ್ತ ಕಣ ಮಾಡಿಸುವ ಆದೇಶ ಕೊಡುವುದೂ ಇದೇ ಹಿಫ್-2. ಬಸುರಿಯರಿಗೆ ಇದನ್ನು ಕೊಡುವಂತಿಲ್ಲ, ಮಗುವಿಗೆ ಹಾನಿ.